ಕಾಲಡಿಯ ಮೌನ

ಲಾಲ್‌ಬಾಗಿನ ಹೆಬ್ಬಾಗಿಲು ದಾಟಿ, ನೂರು ಹೆಜ್ಜೆ ಎಣಿಸಿ, ಒಂದು ಗಳಿಗೆ ನಿಂತು ಕಿವಿಗೊಡುವುದು ನನ್ನ ಹಳೆಯ ಚಾಳಿ. ಬಾಗಿಲ ಬಳಿ ಆಟೋಗಳ ಗೊರಗೊರ, ಬಸ್ಸಿನ ಹಾರನ್ನು, ಸಿಗ್ನಲ್ಲಿನಲ್ಲಿ ತಾಳ್ಮೆಗೆಟ್ಟ ಸ್ಕೂಟರುಗಳು ಎಲ್ಲವೂ ಮುಖಕ್ಕೇ ರಾಚುತ್ತಿರುತ್ತವೆ. ನೂರನೆಯ ಹೆಜ್ಜೆಯಲ್ಲೂ ಅವು ಇರುತ್ತವೆ, ಆದರೆ ಪಕ್ಕದ ಮನೆಯ ಜಗಳದಂತೆ ಗೋಡೆಯಾಚೆ ಸರಿದಿರುತ್ತವೆ. ಇನ್ನೂರು ದಾಟಿದರೆ ಕುಟ್ರುಹಕ್ಕಿಯ ಕೂಗು ಅವುಗಳ ಮೇಲೆ ಕೂರುತ್ತದೆ. ಜೊತೆಗೆ ಬಂದವರನ್ನು ಇದೇಕೆ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಮರಗಳು ಸದ್ದನ್ನು ಹೀರಿಕೊಳ್ಳುತ್ತವಲ್ಲ!

ಹೀರಿಕೊಳ್ಳುತ್ತವೆ ನಿಜ, ಆದರೆ ನಾವು ಅಂದುಕೊಂಡಷ್ಟಲ್ಲ. ಸದ್ದು ಗಾಳಿಯಲ್ಲಿ ಅಲೆಯಾಗಿ ಸಾಗುತ್ತದೆ. ಅಲೆಯ ಉದ್ದಕ್ಕೆ ಹೊಂದುವ ಗಾತ್ರದ ವಸ್ತು ಎದುರಾದರೆ ಮಾತ್ರ ಅದು ಚೆನ್ನಾಗಿ ಚದುರುತ್ತದೆ. ಬಸ್ಸಿನ ಎಂಜಿನ್ನಿನ ದಪ್ಪ ಸದ್ದು 100 ಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಕಂಪನದ ಆಸುಪಾಸಿನದು ಎನ್ನಿ. ಅದರ ಅಲೆಯ ಉದ್ದ ಸುಮಾರು ಮೂರೂವರೆ ಮೀಟರು. ಅಂಗೈಯಗಲದ ಮಾವಿನೆಲೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಕೀರಲು ಸದ್ದುಗಳ ಅಲೆ ಗಿಡ್ಡ, ಅವು ಎಲೆಗಳ ನಡುವೆ ಸಿಕ್ಕಿ ಚೂರಾಗುತ್ತವೆ. ಹಾಗಾಗಿ ರಸ್ತೆ ಬದಿಗೆ ಒಂದು ಸಾಲು ಮರ ನೆಟ್ಟು ಗದ್ದಲ ತಡೆಯುತ್ತೇವೆ ಎನ್ನುವುದು ಹೆಚ್ಚಿನಂಶ ಕಣ್ಣಿಗೆ ಕೊಡುವ ಸಮಾಧಾನ. ರಸ್ತೆ ಕಾಣದಿದ್ದರೆ ಸದ್ದೂ ತಗ್ಗಿದಂತೆ ಅನಿಸುತ್ತದೆ, ಅಷ್ಟೇ.

ಹಾಗಾದರೆ ನಿಜವಾದ ಕೆಲಸಗಾರ ಯಾರು? ಒಂದು, ದೂರ. ಇನ್ನೊಂದನ್ನು ನಾವು ತುಳಿದುಕೊಂಡೇ ನಡೆಯುತ್ತೇವೆ.

ವಾಹನಗಳು ಸಾಲಾಗಿ ಹರಿಯುವ ರಸ್ತೆಯಿಂದ ದೂರ ಸರಿಯುತ್ತ ಹೋದಂತೆ, ದೂರ ಇಮ್ಮಡಿಯಾದಾಗಲೆಲ್ಲ ಸದ್ದು, ಅದನ್ನು ಅಳೆಯುವ ಮಾನವಾದ ಡೆಸಿಬಲ್ಲಿನ ಲೆಕ್ಕದಲ್ಲಿ, 3 ಡೆಸಿಬಲ್ ಇಳಿಯುತ್ತದೆ. ಇದು ಕಾಂಕ್ರೀಟು ಹಾಸಿದ ನೆಲದ ಲೆಕ್ಕ. ಹುಲ್ಲು ಬೆಳೆದ ಮೆತ್ತನೆಯ ಮಣ್ಣಾದರೆ ಸಂಚಾರದ ಸದ್ದನ್ನು ಅಂದಾಜು ಮಾಡುವ ಎಂಜಿನಿಯರುಗಳು 4.5 ಡೆಸಿಬಲ್ ಇಳಿಕೆ ಹಿಡಿಯುತ್ತಾರೆ. ರಸ್ತೆಯಿಂದ 10 ಮೀಟರಿನಲ್ಲಿ 75 ಡೆಸಿಬಲ್ ಇದೆ ಎಂದುಕೊಳ್ಳೋಣ. 160 ಮೀಟರಿಗೆ ದೂರ ನಾಲ್ಕು ಸಲ ಇಮ್ಮಡಿಯಾಗುತ್ತದೆ. ಗಟ್ಟಿ ನೆಲದ ಮೇಲೆ ಉಳಿಯುವುದು 63, ಮಣ್ಣಿನ ಮೇಲೆ 57. ಆರೇ ಡೆಸಿಬಲ್ ತಾನೇ ಎಂದು ಮೂಗು ಮುರಿಯಬೇಡಿ. ಡೆಸಿಬಲ್ಲಿನ ಅಳತೆಗೋಲು ವಿಚಿತ್ರವಾದದ್ದು. ಆರು ಇಳಿದರೆ ಕಿವಿಗೆ ತಲುಪುವ ಶಕ್ತಿ ಕಾಲು ಭಾಗಕ್ಕೆ ಇಳಿದಂತೆ.

ಮಣ್ಣು ಇದನ್ನು ಮಾಡುವ ಬಗೆ ಸೊಗಸಾಗಿದೆ. ರಸ್ತೆಯ ಸದ್ದು ನಮ್ಮ ಕಿವಿಗೆ ಎರಡು ದಾರಿಯಲ್ಲಿ ಬರುತ್ತದೆ: ಒಂದು ನೇರವಾಗಿ, ಇನ್ನೊಂದು ನೆಲಕ್ಕೆ ಬಡಿದು ಪುಟಿದು. ನೆಲ ಗಟ್ಟಿಯಾಗಿದ್ದರೆ ಎರಡೂ ಕೂಡಿಕೊಂಡು ಬಲಿಯುತ್ತವೆ. ಒಳ್ಳೆಯ ಮಣ್ಣಿನ ತುಂಬ ತೂತು. ಎರೆಹುಳು ಕೊರೆದದ್ದು, ಬೇರು ಸತ್ತು ಬಿಟ್ಟದ್ದು, ಇರುವೆ ತೋಡಿದ್ದು. ಅಲೆಯ ಒಂದು ಪಾಲು ಆ ತೂತುಗಳಿಗೆ ಇಳಿದು ಗಾಳಿಯ ತಿಕ್ಕಾಟದಲ್ಲಿ ಸವೆಯುತ್ತದೆ. ಪುಟಿದು ಬಂದ ಪಾಲಿನ ಏರಿಳಿತ ಅದಲು ಬದಲಾಗಿ, ನೇರ ಬಂದ ಅಲೆ ಏರುವಾಗ ಇದು ಇಳಿಯುತ್ತದೆ. ಒಂದು ಇನ್ನೊಂದನ್ನು ಅಳಿಸುತ್ತದೆ. ಕೆಲವು ನೂರು ಹರ್ಟ್ಸ್‌ಗಳ ಮಧ್ಯಮ ಸದ್ದಿನಲ್ಲಿ ಈ ಅಳಿಸುವಿಕೆ ಹೆಚ್ಚು. ಗದ್ದಲ ಅಡಗಿಸುವ ಹೆಡ್‌ಫೋನಿನೊಳಗೂ ಸದ್ದನ್ನು ಸದ್ದಿನಿಂದಲೇ ಅಳಿಸುವ ಈ ತಂತ್ರವೇ ಇದೆ, ಬ್ಯಾಟರಿಯ ನೆರವಿನಿಂದ. ಎರೆಹುಳುವಿಗೆ ಅದೂ ಬೇಡ.

ಉಳಿದದ್ದನ್ನು ಹಕ್ಕಿಗಳೂ ಎಲೆಗಳ ಸರಸರವೂ ಮರೆಮಾಚುತ್ತವೆ. ಇದು ಎರಡೂ ಕಡೆಯ ಆಟ. ಗದ್ದಲದ ಜಾಗದಲ್ಲಿ ಹಕ್ಕಿಯೂ ದನಿ ಬದಲಿಸಬೇಕಾಗುತ್ತದೆ. ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳು ಸದ್ದು ಜಾಸ್ತಿಯಿರುವಲ್ಲಿ ಇನ್ನಷ್ಟು ಕೀರಲು ಸ್ವರದಲ್ಲಿ ಹಾಡುತ್ತವೆಂದು 2003ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ವಾಹನಗಳ ಗುಂಯ್‌ಗುಡುವಿಕೆ ಕೆಳ ಸ್ಥಾಯಿಯದಲ್ಲವೇ, ಅದರ ತಲೆಯ ಮೇಲಿಂದ ಹಾಡುವುದು ಜಾಣತನ.

ಲಾಲ್‌ಬಾಗಿನ ಮಣ್ಣು ತಾನಾಗಿ ಹೀಗಾದದ್ದಲ್ಲ. 1760ರಲ್ಲಿ ಹೈದರ್ ಅಲಿ ಇಲ್ಲಿ ತೋಟ ಹಾಕಿಸಿದ, ಟಿಪ್ಪು ಮುಂದುವರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ ಉದ್ಯಾನದ ಮೇಲ್ವಿಚಾರಕರಾಗಿದ್ದ ಕಾಲದಲ್ಲಿ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ನಮ್ಮ ಸಾಂಬಾರಿಗೆ ಬೀಳುವ ಸೀಮೆ ಬದನೆಕಾಯಿಯನ್ನು ಊರಿಗೆ ಪರಿಚಯಿಸಿದ ಕೀರ್ತಿಯೂ ಅವರದೇ. 1908ರಲ್ಲಿ ಬಂದ ಜರ್ಮನ್ ತಜ್ಞ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳು ಒಂದಾದ ಮೇಲೊಂದು ಮರ ಹೂಬಿಟ್ಟು ವರ್ಷವಿಡೀ ಬಣ್ಣವಾಗಿರುವಂತೆ ಯೋಜಿಸಿದರು. ಇವರ ಹೆಸರೆಲ್ಲ ಉಳಿದಿದೆ. ಎರಡೂವರೆ ಶತಮಾನದಿಂದ ತರಗೆಲೆ ಗುಡಿಸಿ, ಕೊಳೆಸಿ, ಅದೇ ನೆಲಕ್ಕೆ ಗೊಬ್ಬರವಾಗಿ ಹಾಕುತ್ತ ಬಂದ ಮಾಲಿಗಳ ಹೆಸರು ಉಳಿದಿಲ್ಲ. ಮೌನದ ಮಟ್ಟಿಗೆ ಹೇಳುವುದಾದರೆ ಹೆಚ್ಚಿನ ಪಾಲು ಅವರದು.

ತಂಪಿನ ಕಥೆಯೂ ಮಣ್ಣಿನಿಂದಲೇ ಶುರು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಆ ಶಾಖವನ್ನು ಎಲೆ ತನ್ನಿಂದ, ಸುತ್ತಲ ಗಾಳಿಯಿಂದ ಕಿತ್ತುಕೊಡುತ್ತದೆ. ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಆವಿ ಮಾಡಿತು ಎನ್ನಿ. ಒಂದೂವರೆ ಟನ್ನಿನ ಎ.ಸಿ. ಹದಿಮೂರು ತಾಸು ಓಡಿ ಹೊರಹಾಕುವಷ್ಟು ಶಾಖವನ್ನು ಅದು ನುಂಗಿದಂತಾಯಿತು. ಆದರೆ ಬೇರಿನ ಬುಡದಲ್ಲಿ ನೀರಿರಬೇಕು. ಇಲ್ಲದಿದ್ದರೆ ಎಲೆಯ ಅಡಿಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಮರ ಬರೀ ಕೊಡೆಯಾಗಿ ನಿಲ್ಲುತ್ತದೆ. ನೀರು ಇಂಗಿ ನಿಲ್ಲುವುದು, ಸದ್ದು ಇಳಿದು ಸಾಯುವುದು, ಎರಡೂ ಅವೇ ತೂತುಗಳಲ್ಲಿ.

ಆದ್ದರಿಂದಲೇ ಉದ್ಯಾನಗಳಲ್ಲಿ ಕಾಲುದಾರಿ ಅಗಲಿಸಿ ಕಲ್ಲುಚಪ್ಪಡಿ ಹಾಸುವ 'ಅಭಿವೃದ್ಧಿ' ಕಂಡಾಗ ನನಗೆ ಸಂಕಟವಾಗುತ್ತದೆ. ಒಂದೂ ಮರ ಕಡಿದಿಲ್ಲ ಎಂಬ ಸಮಜಾಯಿಷಿ ಸಿಗುತ್ತದೆ. ಮರ ಕಡಿದಿಲ್ಲ, ನಿಜ. ಫಲಪುಷ್ಪ ಪ್ರದರ್ಶನದ ಜನಜಂಗುಳಿ ಮುಗಿದ ಮೇಲೆ ಹುಲ್ಲಿನ ಅಂಚಿನ ಮಣ್ಣಿಗೆ ಬೆರಳು ಒತ್ತಿ ನೋಡಿ, ಉಗುರು ಇಳಿಯುವುದಿಲ್ಲ. ಲಕ್ಷಾಂತರ ಪಾದಗಳ ಕೆಳಗೆ ತೂತುಗಳು ಮುಚ್ಚಿಹೋಗಿರುತ್ತವೆ. ಹುಳುಗಳೂ ಬೇರುಗಳೂ ಅದನ್ನು ಮತ್ತೆ ಸಡಿಲಿಸಬಲ್ಲವು, ಆದರೆ ಅವುಗಳಿಗೆ ನಮ್ಮ ಅವಸರವಿಲ್ಲ.

ಎಷ್ಟು ನಿಧಾನ ಎಂಬುದಕ್ಕೆ ಸಾಕ್ಷಿ ಹೆಬ್ಬಾಗಿಲ ಹತ್ತಿರವೇ ಮಲಗಿದೆ. ಕೆಂಪೇಗೌಡ ಗೋಪುರವನ್ನು ಹೊತ್ತ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭೂವಿಜ್ಞಾನಿಗಳು ಅದನ್ನು ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ; ನೈಸ್ ಎಂದರೆ ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಫಲಕ ನೆಟ್ಟಿದೆ. ನೈಸ್ ಹುಟ್ಟಿದಾಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ, ಜೀವವೆಂದರೆ ಸೂಕ್ಷ್ಮಾಣುಗಳಷ್ಟೇ. ಇಂಥ ಬಂಡೆ ಮಳೆಗೆ, ಬಿಸಿಲಿಗೆ ಸವೆದು ಮಣ್ಣಾಗುತ್ತದೆ: ಅದರೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗಿ, ಬೆಣಚುಕಲ್ಲು ಮರಳಾಗಿ, ಕಪ್ಪು ಅಭ್ರಕದಲ್ಲಿದ್ದ ಕಬ್ಬಿಣ ತುಕ್ಕು ಹಿಡಿದು ಬೆಂಗಳೂರಿನ ಕೆಮ್ಮಣ್ಣಿಗೆ ಬಣ್ಣವಾಗಿ.

ಸಂಜೆ ಆರೂವರೆಗೆ ಆ ಬಂಡೆಯ ಮೇಲೆ ಅಂಗೈ ಊರಿ ಕುಳಿತರೆ ಕಲ್ಲು ಇನ್ನೂ ಬೆಚ್ಚಗಿರುತ್ತದೆ. ಒಣಮಣ್ಣಿಗಿಂತ ಕಲ್ಲು ಹಲವು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಗಲೆಲ್ಲ ಆಳಕ್ಕೆ ಎಳೆದುಕೊಂಡದ್ದನ್ನು ರಾತ್ರಿಯವರೆಗೂ ಬಿಡುತ್ತಿರುತ್ತದೆ. ಸುತ್ತಲಿನ ಕಾಂಕ್ರೀಟು ಊರೂ ಇದನ್ನೇ ಮಾಡುತ್ತಿದೆ. ಮೇಲೆ ಕುಳಿತವರಿಗೆ ಊರಿನ ಸದ್ದೂ ಮತ್ತೆ ಸ್ಪಷ್ಟವಾಗಿ ಕೇಳುತ್ತದೆ, ಏಕೆಂದರೆ ಎತ್ತರದಲ್ಲಿ ಮಣ್ಣಿನ ಕೈ ಅಷ್ಟಾಗಿ ಎಟುಕುವುದಿಲ್ಲ. ಇಳಿದು ಹುಲ್ಲಿಗೆ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತದೆ, ಹಾರನ್ನುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿ ಕಾವಲುಗಾರ ಸೀಟಿ ಊದುತ್ತಾನೆ. ಹತ್ತು ಮಾರು ದೂರದಿಂದ ಬರುವ ಆ ಕೀರಲು ಸದ್ದನ್ನು ಅಡಗಿಸಲು ಯಾವ ಎರೆಹುಳುವಿಗೂ ಸಾಧ್ಯವಿಲ್ಲ.