ಪಟ್ಟಿಯಲ್ಲಿ ಸುರಕ್ಷಿತ, ಟಿವಿಯಲ್ಲಿ ಉದ್ವಿಗ್ನ: ಮಂಗಳೂರಿನ ಯಾವ ಚಿತ್ರವನ್ನು ನಂಬುವುದು?

ಓದುಗರ ಪ್ರಶ್ನೆ: ಮಗಳಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ದೇಶದ ಅತಿ ಸುರಕ್ಷಿತ ನಗರ ಮಂಗಳೂರು ಎಂದು ಪತ್ರಿಕೆಯಲ್ಲಿ ಓದಿದ್ದೆವು. ಆದರೆ ಟಿವಿ ಹಾಕಿದರೆ ಅದೇ ಊರಿನ ಕೊಲೆ, ನಿಷೇಧಾಜ್ಞೆ, ಡ್ರಗ್ಸ್ ಸುದ್ದಿ. ಇವೆರಡರಲ್ಲಿ ಯಾವುದು ನಿಜ?

ಉತ್ತರ: ನೀವು ಓದಿದ ಸುದ್ದಿಯೂ ನೋಡಿದ ಸುದ್ದಿಯೂ ಹೆಚ್ಚುಕಡಿಮೆ ಒಂದೇ ಕಾಲದವು. 2025ರ ಏಪ್ರಿಲ್ ಕೊನೆಯಿಂದ ಮೇ ಕೊನೆಯ ತನಕ, ಒಂದು ತಿಂಗಳ ಅಂತರದಲ್ಲಿ, ಕುಡುಪು, ಬಜಪೆ ಮತ್ತು ಬಂಟ್ವಾಳ ತಾಲ್ಲೂಕಿನ ಕೊಳತ್ತಮಜಲಿನಲ್ಲಿ ಮೂರು ಕೊಲೆಗಳು ನಡೆದವು. ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳಿಗಾಗಿ ಸರ್ಕಾರ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆಗೆ ಚಾಲನೆ ನೀಡಿತು. ಅದರ ಬೆನ್ನಿಗೇ ನಂಬಿಯೊ ಎಂಬ ಜಾಲತಾಣದ ವರ್ಷ ಮಧ್ಯದ ಪಟ್ಟಿ ಬಂದು, ಭಾರತದ ನಗರಗಳ ಪೈಕಿ ಮಂಗಳೂರಿಗೆ ಸುರಕ್ಷತೆಯಲ್ಲಿ ಮೊದಲ ಸ್ಥಾನವೆಂದು ಪತ್ರಿಕೆಗಳು ಬರೆದವು. ಎರಡರಲ್ಲಿ ಯಾವುದೂ ಸುಳ್ಳು ಸುದ್ದಿಯಲ್ಲ. ಆದರೆ ನಿಮ್ಮ ಮಗಳ ವಿಷಯದಲ್ಲಿ ನೀವು ಕೇಳಬೇಕಾದ ಪ್ರಶ್ನೆಗೆ ಎರಡರಲ್ಲೂ ಉತ್ತರವಿಲ್ಲ.

ಮೊದಲು ಪಟ್ಟಿಯ ವಿಷಯ. ನಂಬಿಯೊ 2009ರಲ್ಲಿ ಸರ್ಬಿಯಾದಲ್ಲಿ ಆರಂಭವಾದ ಖಾಸಗಿ ಜಾಲತಾಣ. ಅದಕ್ಕೆ ಯಾವ ಪೊಲೀಸ್ ಇಲಾಖೆಯ ಕಡತವೂ ಆಧಾರವಲ್ಲ. ಹಗಲು ಒಬ್ಬರೇ ನಡೆಯಲು ಭಯವಾಗುತ್ತದೆಯೇ, ರಾತ್ರಿ ಹೇಗೆ, ಮನೆಗೆ ಕನ್ನ ಬೀಳುವ ಆತಂಕವಿದೆಯೇ, ಕಾರು ಕಳವಾದೀತೇ, ಜನಾಂಗ, ಲಿಂಗ ಅಥವಾ ಧರ್ಮದ ಕಾರಣಕ್ಕೆ ಹಲ್ಲೆಯಾದೀತೇ ಎಂದು ಜಾಲತಾಣಕ್ಕೆ ಬಂದವರನ್ನು ಅದು ಕೇಳುತ್ತದೆ, ಅವರ ಉತ್ತರಗಳನ್ನೆಲ್ಲ ಕೂಡಿಸಿ ಒಂದು ಅಂಕಿಗೆ ಇಳಿಸುತ್ತದೆ. ಉತ್ತರಿಸುವವರು ತಾವಾಗಿ ಬಂದವರೇ ಹೊರತು ಸಮೀಕ್ಷೆಯ ಕ್ರಮದಂತೆ ಆಯ್ದವರಲ್ಲ. ಇಂಗ್ಲಿಷ್‌ನಲ್ಲಿ ವ್ಯವಹರಿಸುವ, ಅಂತರ್ಜಾಲ ಬಳಸುವ ಜನರೇ ಅವರಲ್ಲಿ ಹೆಚ್ಚಿರುವುದು ಸಹಜ. ಸಂಜೆ ಬಂದರಿನಿಂದ ಮನೆಗೆ ಮರಳುವ ಮೀನುಗಾರ ಮಹಿಳೆ ಅಲ್ಲಿ ಉತ್ತರ ತುಂಬಿರುವ ಸಾಧ್ಯತೆ ಕಡಿಮೆ. ಮೇಲಿನ ಪ್ರಶ್ನೆಗಳಲ್ಲಿ ಕೊನೆಯದೊಂದೇ ಮಂಗಳೂರಿನ ನಿಜವಾದ ಹುಣ್ಣಿಗೆ ಸಂಬಂಧಿಸಿದ್ದು. ಉಳಿದವಕ್ಕೆ ಈ ಊರಿನಲ್ಲಿ ಒಳ್ಳೆಯ ಅಂಕ ಬೀಳುವುದು ಖಚಿತ, ಸರಾಸರಿ ಮಾಡುವಾಗ ಆ ಒಂದು ಪ್ರಶ್ನೆ ಹತ್ತರಲ್ಲಿ ಹನ್ನೊಂದಾಗಿ ಕರಗಿಹೋಗುತ್ತದೆ.

ಟಿವಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದ ದಾರಿಯಲ್ಲಿ. ಅಲ್ಲಿ ಸರಾಸರಿಗೆ ಬೆಲೆಯಿಲ್ಲ, ದೃಶ್ಯವಿದ್ದರೆ ಮಾತ್ರ ಸುದ್ದಿ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆ ಮತ್ತು 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಮೇಲೆ ನಡೆದ ದಾಳಿ ಕ್ಯಾಮೆರಾ ಎದುರೇ ನಡೆದವು. ಓಡುವ ಹುಡುಗಿಯರನ್ನು ಅಟ್ಟಿಸಿಕೊಂಡು ಹೋಗುವ ಅದೇ ಕೆಲವು ಸೆಕೆಂಡುಗಳ ತುಣುಕನ್ನು ದೇಶದ ಭಾಷೆಗಳಲ್ಲೆಲ್ಲ ವಾರಗಟ್ಟಲೆ ತೋರಿಸಲಾಯಿತು. ಅಂಕಿಅಂಶದ ಲೆಕ್ಕದಲ್ಲಿ ಒಂದು ಎಫ್‌ಐಆರ್ ಎಂದರೆ ಒಂದು ಪ್ರಕರಣ, ಅದನ್ನು ಕೋಟಿ ಜನ ನೋಡಿದರೂ ಅದು ಒಂದೇ. ಊರಿನ ಹೆಸರಿನ ಲೆಕ್ಕದಲ್ಲಿ ಮಾತ್ರ ಆ ಒಂದು ಪ್ರಕರಣ ಸಾವಿರ ಕಳ್ಳತನಗಳಿಗಿಂತ ಭಾರ. ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ, ಹೋಂಸ್ಟೇ ಪ್ರಕರಣದ ಆರೋಪಿಗಳು 2024ರಲ್ಲಿ ಖುಲಾಸೆಯಾದರು. ಇಷ್ಟು ಜನ ಕಣ್ಣಾರೆ ಕಂಡ ಹಲ್ಲೆಗೆ ನ್ಯಾಯಾಲಯದಲ್ಲಿ ಸಾಕ್ಷ್ಯ ನಿಲ್ಲಲಿಲ್ಲವೇಕೆ ಎಂಬುದು ಸುರಕ್ಷತೆಯ ಬಗ್ಗೆ ಕೇಳಬೇಕಾದ ಬಹಳ ಗಂಭೀರವಾದ ಪ್ರಶ್ನೆ. ಅದಕ್ಕೆ ಸಿಕ್ಕ ಪ್ರಸಾರದ ಸಮಯ ಆ ತುಣುಕಿಗೆ ಸಿಕ್ಕಿದ್ದರ ನೂರನೇ ಒಂದು ಪಾಲೂ ಇರಲಾರದು.

ಇನ್ನು ಟಿವಿ ಹೇಳುವ ‘ಮಂಗಳೂರು’ ಎಂಬ ಹೆಸರು ಎಷ್ಟು ದೂರ ಹಬ್ಬಿದೆಯೆಂಬುದನ್ನೂ ನೋಡಬೇಕು. ಮಂಗಳೂರು ನಗರಕ್ಕೆ 2010ರಿಂದ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಇದೆ. ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿ ಭಾಗಗಳು ಜಿಲ್ಲಾ ಎಸ್‌ಪಿ ಅವರ ವ್ಯಾಪ್ತಿಗೆ ಸೇರುತ್ತವೆ. 2022ರ ಜುಲೈನಲ್ಲಿ ಕೊಲೆ ನಡೆದ ಬೆಳ್ಳಾರೆ ನಗರದಿಂದ 60 ಕಿಲೊಮೀಟರಿಗೂ ಹೆಚ್ಚು ದೂರದ ಸುಳ್ಯ ತಾಲ್ಲೂಕಿನ ಊರು, ಕೊಳತ್ತಮಜಲು ಕೂಡ ಕಮಿಷನರ್ ವ್ಯಾಪ್ತಿಗೆ ಬರುವುದಿಲ್ಲ. ಆದರೆ ವಾಹಿನಿಗಳ ಪರದೆಯಲ್ಲಿ ಇವೆಲ್ಲ ‘ಬೆಚ್ಚಿಬಿದ್ದ ಕಡಲನಗರಿ’ಯೇ. ಇದರ ಇನ್ನೊಂದು ಮಗ್ಗುಲೂ ಇದೆ. 2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು 37 ಕಿಲೊಗೂ ಹೆಚ್ಚು ಎಂಡಿಎಂಎ ಎಂಬ ಮಾದಕ ವಸ್ತುವನ್ನು ವಶಪಡಿಸಿಕೊಂಡರು. ಅದು ಸಿಕ್ಕಿದ್ದು ಬೆಂಗಳೂರಿನಲ್ಲಿ. ಮಾದಕ ವಸ್ತುವಿನ ಪ್ರಕರಣಗಳಲ್ಲಿ ದೂರು ಕೊಡುವ ಸಂತ್ರಸ್ತರು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಪೊಲೀಸರು ಎಷ್ಟು ಹುಡುಕುತ್ತಾರೋ ಅಷ್ಟು ಸಂಖ್ಯೆ ಏರುತ್ತದೆ. ಚುರುಕಾದ ಕಮಿಷನರ್ ಬಂದ ವರ್ಷ ಊರು ಕೆಟ್ಟುಹೋದಂತೆ ಕಾಣುವುದು ಈ ಕಾರಣದಿಂದಲೇ.

ಹಾಗಾದರೆ ಸರ್ಕಾರದ ಅಂಕಿಗಳನ್ನೇ ನಂಬಬಹುದಲ್ಲ ಎಂದು ನೀವು ಕೇಳಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ಪ್ರತಿವರ್ಷದ ಲೆಕ್ಕವನ್ನು ಪ್ರಕಟಿಸುತ್ತದೆ. ಆದರೆ 2023ರ ಲೆಕ್ಕ ಜನರ ಕೈಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದರ ಮಹಾನಗರಗಳ ಕೋಷ್ಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 19 ನಗರಗಳಷ್ಟೇ ಇವೆ, ಕರ್ನಾಟಕದಿಂದ ಬೆಂಗಳೂರು ಒಂದೇ. ಮಂಗಳೂರನ್ನು ಜಿಲ್ಲಾವಾರು ಕೋಷ್ಟಕಗಳಲ್ಲಿ ಹುಡುಕಿ ತೆಗೆಯಬೇಕು, ಅಷ್ಟು ತಾಳ್ಮೆ ಸುದ್ದಿಮನೆಗಳಿಗೆ ಇರುವುದಿಲ್ಲ.

ಆ 19 ನಗರಗಳ ಹೋಲಿಕೆಯಲ್ಲೂ ಒಂದು ತೊಡಕಿದೆ. ಅಪರಾಧ ದರವೆಂದರೆ ಲಕ್ಷ ಜನರಿಗೆ ಎಷ್ಟು ಪ್ರಕರಣ ಎಂಬ ಭಾಗಾಕಾರ. ಭಾಗಿಸಲು ಬಳಸುವ ಜನಸಂಖ್ಯೆ 2011ರ ಜನಗಣತಿಯದು. ಬೆಂಗಳೂರಿಗೆ ಅದು 85 ಲಕ್ಷ; ಇಂದು ಈ ನಗರದಲ್ಲಿ ಕೋಟಿಗೂ ಹೆಚ್ಚು ಜನರಿದ್ದಾರೆಂಬುದು ಬೆಳಗ್ಗೆ ಸಿಲ್ಕ್ ಬೋರ್ಡ್ ದಾಟಿದ ಯಾರಿಗಾದರೂ ಗೊತ್ತು. ಛೇದ ಹಳತಾದಷ್ಟೂ ಬೆಂಗಳೂರಿನ ದರ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕೋಲ್ಕತ್ತದ ಕಥೆ ಬೇರೆ. 2022ರ ವರದಿಯಲ್ಲಿ ಲಕ್ಷಕ್ಕೆ 86.5 ಪ್ರಕರಣಗಳ ದರದೊಂದಿಗೆ ಅದು ಸತತ ಮೂರನೇ ಬಾರಿ ‘ಅತಿ ಸುರಕ್ಷಿತ ನಗರ’ ಎನಿಸಿಕೊಂಡಿತು. ಅಲ್ಲಿ ಬಳಸಿದ ಜನಸಂಖ್ಯೆ 141 ಲಕ್ಷ. ಅದು ಹೌರಾ, ಬಿಧಾನನಗರ ಮುಂತಾದವೂ ಸೇರಿದ ಇಡೀ ನಗರಸಮೂಹದ ಸಂಖ್ಯೆ. ಕೋಲ್ಕತ್ತ ಪಾಲಿಕೆಯ ಜನಸಂಖ್ಯೆ ಅದೇ ಜನಗಣತಿಯಲ್ಲಿ ಸುಮಾರು 45 ಲಕ್ಷ. ಹೌರಾಕ್ಕೂ ಬಿಧಾನನಗರಕ್ಕೂ ತಮ್ಮದೇ ಪೊಲೀಸ್ ಕಮಿಷನರೇಟ್‌ಗಳಿವೆ. ಪ್ರಕರಣಗಳ ಗಡಿ ಮತ್ತು ಜನಸಂಖ್ಯೆಯ ಗಡಿ ಒಂದೇ ಆಗಿವೆಯೇ ಎಂದು ಕೇಳದೆ ಆ ಬಿರುದನ್ನು ಒಪ್ಪುವುದು ಕಷ್ಟ.

ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತೊಡಕಿರುವುದು ಠಾಣೆಯ ಮೇಜಿನ ಬಳಿ. ಬಸ್ಸಿನಲ್ಲಿ ಮೊಬೈಲು ಕಳವಾದ ಹುಡುಗನೊಬ್ಬ ಠಾಣೆಗೆ ಹೋದನೆನ್ನಿ. ಕದ್ದವರನ್ನು ನೋಡಿದ್ದೀಯಾ ಎಂದು ಕೇಳುತ್ತಾರೆ, ಇಲ್ಲವೆನ್ನುತ್ತಾನೆ. ಹಾಗಾದರೆ ಇ-ಲಾಸ್ಟ್‌ನಲ್ಲಿ (ಕಳೆದುಹೋದ ವಸ್ತುಗಳ ವಿವರ ದಾಖಲಿಸುವ ಪೊಲೀಸ್ ಆ್ಯಪ್) ಹಾಕು, ಸಿಮ್ ತೆಗೆಯಲು ಆ ರಸೀದಿ ಸಾಕು ಎಂಬ ಸಲಹೆ ಬರುತ್ತದೆ. ಅವನಿಗೆ ಬೇಕಿದ್ದುದೂ ಹೊಸ ಸಿಮ್ಮೇ. ಅಲ್ಲಿಗೆ ಕಳವು ಕಳೆದುಹೋದ ವಸ್ತುವಾಗುತ್ತದೆ, ಅಪರಾಧದ ಪಟ್ಟಿಗೆ ಸೇರುವುದೇ ಇಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ದೆಹಲಿಯದು. 2012ರಲ್ಲಿ ಅಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 706, 2013ರಲ್ಲಿ 1,636. ಒಂದೇ ವರ್ಷದಲ್ಲಿ ದೆಹಲಿಯ ಗಂಡಸರು ಇಮ್ಮಡಿ ಕ್ರೂರರಾದರೆಂದು ಯಾರೂ ಹೇಳಲಾರರು. 2012ರ ಡಿಸೆಂಬರ್‌ನ ನಿರ್ಭಯಾ ಸಾಮೂಹಿಕ ಅತ್ಯಾಚಾರದ ಘಟನೆಯ ಬಳಿಕ ಮಹಿಳೆಯರು ಮುಂದೆ ಬಂದರು, ಕಾನೂನು ಬದಲಾಯಿತು, ಇಂಥ ದೂರನ್ನು ದಾಖಲಿಸದ ಪೊಲೀಸರಿಗೇ ಶಿಕ್ಷೆಯಾಗುವ ನಿಯಮ ಬಂತು. ದೆಹಲಿಗೆ ಅಂಟಿದ ಕೆಟ್ಟ ಹೆಸರಿನ ಒಂದು ಭಾಗ ಠಾಣೆಗಳು ಬಾಗಿಲು ತೆರೆದುದರ ಫಲ. ಕೇರಳದ ಅಪರಾಧ ದರ ಪ್ರತಿವರ್ಷ ಮೇಲಿನ ಸಾಲಿನಲ್ಲಿರುವುದಕ್ಕೂ ಅಲ್ಲಿಯ ಜನ ಹಟ ಹಿಡಿದು ದೂರು ಕೊಡುವುದು ಮುಖ್ಯ ಕಾರಣ. ಅಪರಾಧ ಹೆಚ್ಚಾಗುವುದೂ ದಾಖಲಾತಿ ಹೆಚ್ಚಾಗುವುದೂ ಬೇರೆಬೇರೆ ಎಂದು ಎನ್‌ಸಿಆರ್‌ಬಿ ತಾನೇ ತನ್ನ ವರದಿಯಲ್ಲಿ ಎಚ್ಚರಿಸುತ್ತದೆ. ಶೀರ್ಷಿಕೆ ಬರೆಯುವವರು ಆ ಪುಟದ ತನಕ ಹೋಗುವುದು ಅಪರೂಪ.

ಅಂಕಿಗಳಲ್ಲಿ ಒಂದಿಷ್ಟು ನಂಬಬಹುದಾದದ್ದು ಕೊಲೆಯ ಅಂಕಿ, ಏಕೆಂದರೆ ಶವವನ್ನು ಇ-ಲಾಸ್ಟ್‌ಗೆ ಹಾಕಲಾಗದು. 2022ರಲ್ಲಿ ದೇಶದ ದರ ಲಕ್ಷಕ್ಕೆ 2.1. ಅದೇ ವರ್ಷ ಬೆಂಗಳೂರಿನಲ್ಲಿ 173 ಕೊಲೆಗಳಾದವು. ಹಳೆಯ 85 ಲಕ್ಷದ ಲೆಕ್ಕದಲ್ಲೇ ದರ ಸುಮಾರು 2, ಇಂದಿನ ಜನಸಂಖ್ಯೆ ಹಿಡಿದರೆ ಇನ್ನೂ ಕಡಿಮೆ. ಲಾಂಗು, ಮಚ್ಚು, ರೌಡಿಶೀಟರ್ ಸುದ್ದಿಗಳನ್ನು ರಾತ್ರಿಯೂಟದ ಜೊತೆಗೆ ನೋಡುವವರಿಗೆ ಇದು ನಂಬಲು ಕಷ್ಟವಾದ ಮಾತು.

ಇಷ್ಟಾದರೂ ಮಂಗಳೂರಿಗೆ ಹೆಸರು ಕೆಡಿಸಿದ ಅಪರಾಧವನ್ನು ಈ ಕೋಷ್ಟಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಅನೈತಿಕ ಪೊಲೀಸ್‌ಗಿರಿಗೆ ಎನ್‌ಸಿಆರ್‌ಬಿಯಲ್ಲಿ ಪ್ರತ್ಯೇಕ ಶೀರ್ಷಿಕೆಯೇ ಇಲ್ಲ. 2023ರ ಜೂನ್‌ನಲ್ಲಿ ಸೋಮೇಶ್ವರ ಕಡಲತೀರದಲ್ಲಿ ಗೆಳತಿಯರೊಂದಿಗೆ ಕುಳಿತಿದ್ದ ವಿದ್ಯಾರ್ಥಿಗಳ ಮೇಲೆ ನಡೆದಂಥ ದಾಳಿಗಳು ಹಲ್ಲೆ, ಅಕ್ರಮ ಕೂಟ, ಅಡ್ಡಗಟ್ಟುವಿಕೆ ಎಂದು ದಾಖಲಾಗಿ, ಕುಡಿದು ಬಡಿದಾಡಿದ ಪ್ರಕರಣಗಳ ಜೊತೆ ಒಂದೇ ಸಾಲಿನಲ್ಲಿ ಬೆರೆತುಹೋಗುತ್ತವೆ. ಹಾಗಾಗಿ ಈ ಒಂದು ವಿಷಯದಲ್ಲಿ ಸ್ಥಳೀಯ ವರದಿಗಾರರೇ ನಮಗೆ ಆಧಾರ, ಮಾಧ್ಯಮವನ್ನು ಸಾರಾಸಗಟಾಗಿ ಬಯ್ಯುವವರು ಇದನ್ನು ಮರೆಯಬಾರದು. ಇನ್ನು ಬೀದಿಯ ಭಯದಲ್ಲಿ ನಾವು ಮನೆಯೊಳಗಿನದನ್ನು ಮರೆಯುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಶೇ 95ಕ್ಕೂ ಹೆಚ್ಚು ಪರಿಚಿತರಿಂದಲೇ ನಡೆಯುವಂಥವು. ಯಾವ ನಗರದ ‘ಸುರಕ್ಷಿತ’ ಪಟ್ಟಿಯಲ್ಲೂ ಇದು ಎದ್ದು ಕಾಣುವುದಿಲ್ಲ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಕಾಲೇಜು ಚೆನ್ನಾಗಿದ್ದರೆ ಸೇರಿಸಿ ಎಂಬುದು ನನ್ನ ಅಭಿಪ್ರಾಯ. ಕಳವು, ಸುಲಿಗೆ, ರಾತ್ರಿಯ ಓಡಾಟದ ಮಟ್ಟಿಗೆ ಸುರಕ್ಷತೆಯಲ್ಲಿ ಮಂಗಳೂರು ನಮ್ಮ ಯಾವ ನಗರಕ್ಕೂ ಕಡಿಮೆಯಲ್ಲ. ಬೇರೆ ಧರ್ಮದ ಸಹಪಾಠಿಗಳ ಜೊತೆ ತಿರುಗಾಡುವಾಗ ಕೆಲವರ ಕಣ್ಣು ಬೀಳಬಹುದೆಂಬುದು ಅಲ್ಲಿ ಇರುವ ಅಪಾಯ, ಅದನ್ನು ಮಗಳಿಗೆ ಹೆದರಿಸದೆ ನೇರವಾಗಿ ಹೇಳಿ. ಪಿಜಿ ಗೊತ್ತುಮಾಡುವ ಮುನ್ನ ಅಲ್ಲೇ ಓದುತ್ತಿರುವ ಇಬ್ಬರು ಮೂವರು ಸೀನಿಯರ್ ಹುಡುಗಿಯರನ್ನು ಕೇಳಿ: ಕೊನೆಯ ಸಿಟಿ ಬಸ್ಸು ಎಷ್ಟು ಹೊತ್ತಿಗೆ, ನಿಲ್ದಾಣದಿಂದ ಪಿಜಿಗೆ ಹೋಗುವ ದಾರಿಯಲ್ಲಿ ದೀಪ ಉರಿಯುತ್ತದೆಯೇ, 112ಕ್ಕೆ ಕರೆ ಮಾಡಿದವರಿಗೆ ಏನಾಯಿತು. ಪ್ರವೇಶದ ದಿನ ಕಾಲೇಜಿನ ಕಚೇರಿಯಲ್ಲಿ ಆಂತರಿಕ ದೂರು ಸಮಿತಿಯ ಸದಸ್ಯರು ಯಾರೆಂದು ವಿಚಾರಿಸಿ. ಸಮಿತಿ ಇರಲೇಬೇಕೆಂದು ಕಾನೂನಿದೆ. ಆ ಹೆಸರುಗಳನ್ನು ಹೇಳಲು ಕಚೇರಿಯವರು ತಡವರಿಸಿದರೆ, ನಗರಗಳ ಪಟ್ಟಿಯಲ್ಲಿ ಮಂಗಳೂರು ಎಷ್ಟನೆಯದು ಎಂಬುದಕ್ಕಿಂತ ಆ ತಡವರಿಕೆಗೇ ಹೆಚ್ಚು ಬೆಲೆ ಕೊಡಿ.