ಸೌನಾ: ಸೌದೆಯ ಸೌ, ಸೌಟಿನ ಸೌ

ಮೊದಲು ಉಚ್ಚಾರಣೆಯ ವಿಷಯ ಮುಗಿಸಿಬಿಡೋಣ. ಇಂಗ್ಲಿಷಿನವರು ಇದನ್ನು ‘ಸಾನಾ’ ಎಂದು ಎಳೆಯುತ್ತಾರೆ. ಪದ ಹುಟ್ಟಿದ್ದು ಫಿನ್‌ಲ್ಯಾಂಡಿನಲ್ಲಿ. ಅಲ್ಲಿನವರ ಬಾಯಲ್ಲಿ ಅದು ‘ಸೌನ’. ನಮ್ಮ ಸೌದೆಯಲ್ಲಿ, ಸೌಟಿನಲ್ಲಿ ಬರುವ ಅದೇ ಸೌ. ಈ ಎರಡು ಪದಗಳನ್ನು ನಾನು ಸುಮ್ನೆ ಆರಿಸಿಕೊಂಡಿಲ್ಲ. ಹಳೇ ಕಾಲದ ಸೌನಾಕ್ಕೆ ಮುಖ್ಯವಾಗಿ ಬೇಕಿದ್ದದ್ದೇ ಇವು: ಕಲ್ಲು ಕಾಯಿಸಲು ಸೌದೆ, ಕಾದ ಕಲ್ಲಿಗೆ ನೀರು ಹಾಕಲು ಸೌಟು.

ಸೌನಾ ಅಂದರೆ ಮರದ ಹಲಗೆ ಹೊದಿಸಿದ ಪುಟ್ಟ ಕೋಣೆ. ಒಂದು ಮೂಲೆಯಲ್ಲಿ ಒಲೆ, ಅದರ ನೆತ್ತಿಯ ಮೇಲೆ ಕಲ್ಲಿನ ಗುಡ್ಡೆ. ಪಕ್ಕದ ಗೋಡೆಗೆ ಮೆಟ್ಟಿಲಿನ ಹಾಗೆ ಎರಡು ಮೂರು ಸಾಲು ಬೆಂಚು. ಒಲೆ ಹಚ್ಚಿ ಮುಕ್ಕಾಲು ಗಂಟೆ ಬಿಟ್ಟರೆ ಒಳಗಿನ ಗಾಳಿ 70ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಅಲ್ಲಿ ಕೂತು ಬೆವರುವುದು, ಹೊರಗೆ ಬಂದು ತಣಿಯುವುದು, ಮನಸ್ಸಾದರೆ ಮತ್ತೆ ಒಳಗೆ ಹೋಗುವುದು. ಫಿನ್ನಿಷ್ ಭಾಷೆಯಲ್ಲಿ ಇದಕ್ಕೆ ‘ಸೌನೊಅ’ ಅಂತ ಒಂದು ಕ್ರಿಯಾಪದವೇ ಇದೆ. ಸುಮಾರು 55 ಲಕ್ಷ ಜನ ಇರುವ ಆ ದೇಶದಲ್ಲಿ ಹತ್ತಿರ ಹತ್ತಿರ 30 ಲಕ್ಷ ಸೌನಾಗಳಿವೆ. ಸಂಸತ್ ಭವನದಲ್ಲೂ ಒಂದಿದೆ. 2020ರಲ್ಲಿ ಯುನೆಸ್ಕೊ ಫಿನ್‌ಲ್ಯಾಂಡಿನ ಸೌನಾ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಸೌನಾ ಅರ್ಥ ಆಗಬೇಕಾದರೆ ಇನ್ನೊಂದು ಪದ ಗೊತ್ತಿರಬೇಕು. ಅದು ‘ಲೊಯ್ಲು’. ಫಿನ್ನಿಷ್ ಸ್ವರಗಳು ಕನ್ನಡ ಅಕ್ಷರಕ್ಕೆ ಪೂರ್ತಿ ಒಗ್ಗುವುದಿಲ್ಲ, ಹತ್ತಿರದ್ದು ಇದೇ. ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದಾಗ ಚುಂಯ್ ಅಂತ ಏಳುತ್ತದಲ್ಲ, ಆ ಹಬೆಯೇ ಲೊಯ್ಲು. ಈ ಪದಕ್ಕೆ ಹಿಂದೆ ಜೀವ, ಉಸಿರು ಎಂಬ ಅರ್ಥ ಇತ್ತು. ಇದರ ದೂರದ ಬಂಧು ಹಂಗೇರಿಯನ್ ಭಾಷೆಯಲ್ಲಿದೆ: ‘ಲೇಲೆಕ್’, ಅಂದರೆ ಆತ್ಮ. ‘ಉಸಿರು ಹೋಯಿತು’ ಅಂದರೆ ಜೀವ ಹೋಯಿತು ಎಂದು ಅರ್ಥ ಮಾಡಿಕೊಳ್ಳುವ ನಮಗೆ ಇದೇನು ವಿಚಿತ್ರ ಅನ್ನಿಸುವುದಿಲ್ಲ, ಅಲ್ವಾ?

ಲೊಯ್ಲುವಿನಲ್ಲಿ ಒಂದು ತಮಾಷೆ ಇದೆ. ನೀರು ಹಾಕಿದ ಕೂಡಲೇ ಭುಜ, ಕಿವಿಯ ತುದಿ ಎಲ್ಲ ಚುರುಗುಡುತ್ತದೆ. ಆದರೆ ಗೋಡೆಯ ಥರ್ಮಾಮೀಟರ್ ನೋಡಿದರೆ ಮುಳ್ಳು ಮೇಲೆ ಹೋಗಿರುವುದಿಲ್ಲ. ಮತ್ತೆ ಈ ಬಿಸಿ ಬಂದದ್ದೆಲ್ಲಿಂದ? ಅಲ್ಲಿನ ಗಾಳಿಗೆ ಹೋಲಿಸಿದರೆ ನಮ್ಮ ಮೈ ತಣ್ಣಗಿದೆ. ಹಬೆ ಬಂದು ಮೈಗೆ ತಾಗಿ ಮತ್ತೆ ನೀರಾಗುತ್ತದೆ. ಆವಿಯಾಗುವಾಗ ಕಲ್ಲಿನಿಂದ ಪಡೆದ ಬಿಸಿಯನ್ನು ನಮಗೆ ಕೊಟ್ಟುಬಿಡುತ್ತದೆ. ಹಾಗಾಗಿ ಮೈಮೇಲೆ ಇಳಿಯುವ ನೀರೆಲ್ಲ ಬೆವರಲ್ಲ, ಒಂದು ಪಾಲು ಕಲ್ಲಿನ ಮೇಲಿಂದ ಬಂದದ್ದು. ‘ಒಂದೇ ಸಲಕ್ಕೆ ಅರ್ಧ ಲೀಟರ್ ಬೆವರಿದೆ’ ಎಂದು ಹೆಮ್ಮೆಪಡುವವರು ಇದನ್ನು ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇವತ್ತು ಅಂಗಡಿಯಲ್ಲಿ ‘ಸೌನಾ’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಈ ಗೊಂದಲ ಬಿಡಿಸಲು ಕನ್ನಡವೇ ಸಾಕು. ನಮ್ಮಲ್ಲಿ ಬಿಸಿಗೆ ಎಷ್ಟು ಪದ! ಮೂರನ್ನು ತೆಗೆದುಕೊಳ್ಳಿ: ಕಾವು, ಹಬೆ, ಬಿಸಿಲು.

ಕಲ್ಲಿನ ಒಲೆಯ ಸೌನಾ ಕೊಡುವುದು ಕಾವು. ಗಾಳಿ ತುಂಬಾ ಬಿಸಿ, ಆದರೆ ಒಣ. ತೇವಾಂಶ ಸಾಮಾನ್ಯವಾಗಿ 10ರಿಂದ 20 ಶೇಕಡಾ. ನೀರು ಹಾಕಿದಾಗ ಮಾತ್ರ ಸ್ವಲ್ಪ ಹೊತ್ತು ಏರುತ್ತದೆ. ಎರಡನೆಯದು ಸ್ಟೀಮ್ ರೂಮ್, ಅಂದರೆ ಹಬೆಯ ಕೋಣೆ. ಅಲ್ಲಿ 40ರಿಂದ 50 ಡಿಗ್ರಿಯಷ್ಟೇ, ಆದರೆ ತೇವಾಂಶ ನೂರಕ್ಕೆ ನೂರು. ಬೆವರು ಆರುವುದೇ ಇಲ್ಲ, ಒಳಗೆ ಪಕ್ಕಾ ಸೆಕೆ. ಅದಕ್ಕೇ ಕಡಿಮೆ ಡಿಗ್ರಿಯಲ್ಲೂ ಸುಸ್ತು ಹೊಡೆಸುತ್ತದೆ. ಮೂರನೆಯದು ಇನ್ಫ್ರಾರೆಡ್. ಇದು ಬಿಸಿಲಿನ ಜಾತಿ. ಚಳಿಗಾಲದ ಬೆಳಿಗ್ಗೆ ಗಾಳಿ ತಣ್ಣಗಿದ್ದರೂ ಬಿಸಿಲಿಗೆ ಬೆನ್ನು ಕೊಟ್ಟರೆ ಬೆಚ್ಚಗಾಗುತ್ತದಲ್ಲ, ಹಾಗೆ ಗೋಡೆಯಲ್ಲಿರುವ ಪ್ಯಾನೆಲ್‌ಗಳು ಮೈಯನ್ನು ನೇರವಾಗಿ ಕಾಯಿಸುತ್ತವೆ. ಒಳಗಿನ ಗಾಳಿ 45ರಿಂದ 60 ಡಿಗ್ರಿ ಇರುತ್ತದೆ. ಕಲ್ಲಿಲ್ಲ, ನೀರಿಲ್ಲ, ಲೊಯ್ಲು ಇಲ್ಲ. ಹಠವಾದಿ ಫಿನ್ನರು ಇದನ್ನು ಸೌನಾ ಅಂತ ಒಪ್ಪುವುದೇ ಇಲ್ಲ. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಆದರೆ ಹೆಸರು ಒಂದೇ ಅಂತ ಗುಣವೂ ಒಂದೇ ಅಂದುಕೊಳ್ಳಬೇಡಿ.

80 ಡಿಗ್ರಿಯ ನೀರು ಕೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. 80 ಡಿಗ್ರಿಯ ಗಾಳಿಯಲ್ಲಿ ಹತ್ತು ನಿಮಿಷ ಕೂರಬಹುದು. ಏಕೆಂದರೆ ಒಣ ಗಾಳಿ ಬಿಸಿಯನ್ನು ದಾಟಿಸುವುದರಲ್ಲಿ ಸೋಮಾರಿ. ಜೊತೆಗೆ ಬೆವರು ಆರುತ್ತಾ ಮೈಯನ್ನು ತಣಿಸುತ್ತಿರುತ್ತದೆ. ಮೈಗೆ ಅಂಟಿಕೊಂಡಂತೆ ತೆಳ್ಳನೆಯ, ಅಷ್ಟೇನೂ ಬಿಸಿಯಿಲ್ಲದ ಗಾಳಿಯ ಪದರವೊಂದು ನಿಂತಿರುತ್ತದೆ. ಅದನ್ನು ನೋಡಬೇಕಾದರೆ ಸೌನಾದೊಳಗೆ ನಿಮ್ಮ ಮುಂಗೈ ಮೇಲೆ ಮೆಲ್ಲಗೆ ಊದಿ. ಹೊರಗೆ ತಂಪು ಕೊಡುವ ಅದೇ ಉಸಿರು ಅಲ್ಲಿ ಬೆಂಕಿ ತಾಗಿದಂತೆ ಸುಡುತ್ತದೆ. ಪದರ ಚದುರಿತು, ಬಿಸಿ ಗಾಳಿ ನೇರವಾಗಿ ಬಂದು ತಾಗಿತು. ಲೋಹಕ್ಕೆ ಈ ರಿಯಾಯಿತಿ ಯಾವುದೂ ಇಲ್ಲ. ಮೊದಲ ಸಲ ನಾನು ತಂತಿ ಫ್ರೇಮಿನ ಕನ್ನಡಕ ಹಾಕಿಕೊಂಡೇ ಒಳಗೆ ಹೋಗಿದ್ದೆ. ಮೂರನೇ ನಿಮಿಷಕ್ಕೆ ಕಿವಿಯ ಹಿಂದೆ ಚುರ್ ಅಂದಿತು. ಉಂಗುರ, ಸರ, ವಾಚು ಎಲ್ಲ ಹೊರಗೇ ಬಿಚ್ಚಿಡಿ.

ಇನ್ನು ಆರೋಗ್ಯದ ವಿಷಯ. ಬಿಸಿಗೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಹೃದಯ ಬೇಗ ಬೇಗ ಬಡಿಯುತ್ತದೆ. ನಾಡಿ ನಿಮಿಷಕ್ಕೆ 100 ದಾಟುವುದು ಮಾಮೂಲು, ಕೆಲವರಿಗೆ 150ರವರೆಗೂ ಹೋಗುತ್ತದೆ. ಚುರುಕಾಗಿ ನಡೆದ ಹಾಗೆ ಹೃದಯಕ್ಕೆ ಕೆಲಸ. ಆದರೆ ಕಾಲಿನ ಸ್ನಾಯು ಕೂತೇ ಇರುತ್ತದೆ, ಹಾಗಾಗಿ ಇದು ವ್ಯಾಯಾಮಕ್ಕೆ ಬದಲಿ ಅಲ್ಲ. ಸ್ನಾಯು ಸಡಿಲವಾಗುತ್ತದೆ, ಹಲವರಿಗೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ.

ಎಲ್ಲರೂ ಎತ್ತಿ ಹೇಳುವ ಅಧ್ಯಯನ ಫಿನ್‌ಲ್ಯಾಂಡಿನ ಕುಓಪಿಯೊ ಪ್ರದೇಶದ್ದು. 42ರಿಂದ 60 ವಯಸ್ಸಿನ 2,315 ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಒಂದೇ ಸಲ ಸೌನಾಕ್ಕೆ ಹೋಗುವವರಿಗೆ ಹೋಲಿಸಿದರೆ ನಾಲ್ಕರಿಂದ ಏಳು ಸಲ ಹೋಗುವವರಲ್ಲಿ ಹೃದಯರೋಗದ ಸಾವು ಹೆಚ್ಚು ಕಡಿಮೆ ಅರ್ಧದಷ್ಟಿತ್ತು. ಕೇಳಲು ಚೆನ್ನಾಗಿದೆ. ಆದರೆ ಇದು ಗಮನಿಸಿ ಬರೆದ ಲೆಕ್ಕ, ಪರೀಕ್ಷೆ ಮಾಡಿ ಸಾಬೀತು ಮಾಡಿದ್ದಲ್ಲ. ದಿನಾ ಸೌನಾಕ್ಕೆ ಹೋಗುವಷ್ಟು ಪುರುಸೊತ್ತು, ಶಕ್ತಿ ಇರುವವನು ಮೊದಲೇ ಗಟ್ಟಿಮುಟ್ಟಾಗಿರಬಹುದು. ಇನ್ನೊಂದು ಮಾತು: ಆ ಗಂಡಸರು ಕೂತಿದ್ದು ಸರಾಸರಿ 79 ಡಿಗ್ರಿಯ ಕಲ್ಲಿನ ಸೌನಾದಲ್ಲಿ. ಇನ್ಫ್ರಾರೆಡ್ ಪೆಟ್ಟಿಗೆ ಮಾರುವವರು ಇದೇ ಅಂಕಿ ತೋರಿಸಿದರೆ ‘ಅದು ಬೇರೆ, ಇದು ಬೇರೆ’ ಅಂತ ಹೇಳಿ.

ಬೆವರಿನಲ್ಲಿ ವಿಷ ಹೊರಗೆ ಹೋಗುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಬೆವರು ಅಂದರೆ ಬಹುಪಾಲು ನೀರು, ಸ್ವಲ್ಪ ಉಪ್ಪು. ಕಸ ತೆಗೆಯುವ ಕೆಲಸ ಲಿವರ್ ಮತ್ತು ಮೂತ್ರಪಿಂಡದ್ದು. ತೂಕವೂ ಅಷ್ಟೇ. ಹೊರಬಂದು ತಕ್ಕಡಿ ಹತ್ತಿದರೆ ಅರ್ಧ ಕಿಲೋ ಇಳಿದಿರುತ್ತದೆ, ನೀರು ಕುಡಿದರೆ ವಾಪಸ್ ಬರುತ್ತದೆ.

ಮನೆಗೆ ತರುವುದಾದರೆ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ನನಗೆ ಲೊಯ್ಲು ಬೇಕಾ, ಬೇಡವಾ? ಬೇಡ, ಬೆಚ್ಚಗೆ ಕೂತರೆ ಸಾಕು ಅನ್ನುವವರಿಗೆ ಇನ್ಫ್ರಾರೆಡ್ ಸುಲಭ. ಜಾಗ ಕಡಿಮೆ ಸಾಕು, ಬೇಗ ಕಾಯುತ್ತದೆ, ಕರೆಂಟ್ ಕಡಿಮೆ ಎಳೆಯುತ್ತದೆ. ಬೇಕು ಅನ್ನುವವರಿಗೆ ಕಲ್ಲಿನ ಹೀಟರ್ ಬೇಕು, ಆಗ ಲೆಕ್ಕಾಚಾರ ಶುರು.

ರೂಢಿಯ ಲೆಕ್ಕ ಹೀಗಿದೆ: ಒಂದು ಘನ ಮೀಟರ್ ಜಾಗಕ್ಕೆ ಸುಮಾರು ಒಂದು ಕಿಲೋವ್ಯಾಟ್. ಕೋಣೆ ಒಂದೂವರೆ ಮೀಟರ್ ಅಗಲ, 1.8 ಮೀಟರ್ ಉದ್ದ, 2.1 ಮೀಟರ್ ಎತ್ತರ ಇದೆ ಅನ್ನಿ. ಗುಣಿಸಿದರೆ 5.67 ಘನ ಮೀಟರ್, ಆರು ಕಿಲೋವ್ಯಾಟ್ ಸಾಕು ಅನ್ನಿಸುತ್ತದೆ. ಆದರೆ ಅಂದಕ್ಕೆ ಅಂತ ಪೂರ್ತಿ ಗಾಜಿನ ಬಾಗಿಲು ಹಾಕಿಸಿದಿರೋ, ಗಾಜು ಬಿಸಿಯನ್ನು ಹೊರಗೆ ಬಿಡುತ್ತದೆ. ಒಂದು ಚದರ ಮೀಟರ್ ಗಾಜಿಗೆ, ಇಲ್ಲವೇ ಇನ್ಸುಲೇಷನ್ ಇಲ್ಲದ ಬರೀ ಗೋಡೆಗೆ, ಒಂದೂಕಾಲು ಒಂದೂವರೆ ಘನ ಮೀಟರ್ ಜಾಸ್ತಿ ಹಿಡಿಯಬೇಕು. ನಿಮ್ಮ ಆರು ಈಗ ಏಳೂವರೆ ಎಂಟಕ್ಕೆ ಬಂತು. ಚಿಕ್ಕ ಹೀಟರ್ ಹಾಕಿದರೆ ಕಲ್ಲು ಸರಿಯಾಗಿ ಕಾಯುವುದಿಲ್ಲ. ಇಷ್ಟು ದೊಡ್ಡ ಹೀಟರ್ ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸುವಂಥದ್ದಲ್ಲ. ಅದಕ್ಕೇ ಅಂತ ಬೇರೆ ಲೈನ್ ಬೇಕು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಎಳೆಯಬೇಕು.

ಬೆಂಚಿನ ಎತ್ತರವನ್ನು ಎಲ್ಲರೂ ಮರೆಯುತ್ತಾರೆ. ಬಿಸಿ ಮೇಲೇರುತ್ತದೆ. ಮೇಲಿನ ಬೆಂಚಿನಲ್ಲಿ ಕೂತಾಗ ಪಾದ ಕಲ್ಲಿನ ಗುಡ್ಡೆಗಿಂತ ಮೇಲಿರಬೇಕು ಎನ್ನುವುದು ಫಿನ್ನರ ಹಳೆಯ ಲೆಕ್ಕ. ಇಲ್ಲದಿದ್ದರೆ ತಲೆ ಬೇಯುತ್ತದೆ, ಕಾಲು ತಣ್ಣಗೇ ಉಳಿಯುತ್ತದೆ. ರೆಡಿಮೇಡ್ ಪೆಟ್ಟಿಗೆಗಳು ಎಡವುವುದು ಹೆಚ್ಚಾಗಿ ಇಲ್ಲೇ. ಹಾಗಂತ ಸೂರು ತೀರಾ ಎತ್ತರ ಮಾಡಿದರೆ ಕಾವೆಲ್ಲ ಮೇಲೆ ಹೋಗಿ ಕೂರುತ್ತದೆ.

ಬೆಂಚಿಗೆ ಆಸ್ಪೆನ್, ಆಲ್ಡರ್ ಥರದ ಹಗುರ, ರಾಳ ಇಲ್ಲದ ಮರ ಒಳ್ಳೆಯದು. ರಾಳ ಇದ್ದರೆ ಬಿಸಿಗೆ ಒಸರಿ ತೊಡೆಗೆ ಅಂಟುತ್ತದೆ. ಮರದ ಗಂಟುಗಳು ಬೇರೆ ಭಾಗಕ್ಕಿಂತ ಜಾಸ್ತಿ ಕಾಯುತ್ತವೆ. ಮೊಳೆಯ ತಲೆ ಮೇಲೆ ಕಾಣಿಸಬಾರದು. ಒಳಗೆ ವಾರ್ನಿಷ್ ಬೇಡ. ಕಲ್ಲನ್ನೂ ಸೌನಾಕ್ಕೆ ಅಂತ ಮಾರುವುದನ್ನೇ ತನ್ನಿ. ಹೊಳೆಯ ದಂಡೆಯ ನುಣ್ಣನೆ ಕಲ್ಲು ಚಂದ ಇರುತ್ತದೆ, ಆದರೆ ಒಳಗೆ ತೇವ ಕೂತಿದ್ದರೆ ಕಾದಾಗ ಸಿಡಿಯಬಹುದು.

ಇನ್ನು ಬಾಗಿಲು. ಸೌನಾದ ಬಾಗಿಲು ಹೊರಗಡೆಗೆ ತೆರೆಯಬೇಕು, ಚಿಲಕ ಇರಬಾರದು. ತಲೆ ಸುತ್ತಿ ಬೀಳುವವನು ಬಾಗಿಲ ಮೇಲೆ ಬಿದ್ದರೂ ಅದು ತೆರೆದುಕೊಳ್ಳಬೇಕು. ಒಲೆಯ ಹತ್ತಿರ ಗಾಳಿ ಒಳಬರಲು ಕಿಂಡಿ, ಎದುರು ಗೋಡೆಯಲ್ಲಿ ಹೊರಹೋಗಲು ಇನ್ನೊಂದು. ಸೌದೆ ಒಲೆಯಾದರೆ ಹೊಗೆ ಕೊಳವೆ ಸರಿಯಿರಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಆ ಅನಿಲಕ್ಕೆ ವಾಸನೆ ಇಲ್ಲ.

ಬಳಸುವ ಕ್ರಮ ಸರಳ. ಹೊಸಬರು ಕೆಳಗಿನ ಬೆಂಚಿನಲ್ಲಿ ಐದರಿಂದ ಹತ್ತು ನಿಮಿಷ ಕೂತರೆ ಸಾಕು. ಅಭ್ಯಾಸ ಆದವರಿಗೂ ಒಂದು ಸುತ್ತಿಗೆ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಕಿಲ್ಲ. ಮೊದಲೂ ಆಮೇಲೂ ನೀರು ಕುಡಿಯಿರಿ. ಏಳುವ ಮುಂಚೆ ಒಂದು ನಿಮಿಷ ಕಾಲು ಕೆಳಗೆ ಬಿಟ್ಟು ಕೂತುಕೊಳ್ಳಿ. ರಕ್ತನಾಳ ಸಡಿಲಾಗಿರುವಾಗ ದಡಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ತಲೆ ಹಗುರ ಅನ್ನಿಸಿತಾ, ಎದೆ ಡವಡವ ಜಾಸ್ತಿಯಾಯಿತಾ, ಹೊರಗೆ ಬನ್ನಿ. ಇನ್ನೆರಡು ನಿಮಿಷ ನೋಡೋಣ ಅನ್ನಬೇಡಿ. ಫಿನ್‌ಲ್ಯಾಂಡಿನ ಹೈನೋಲಾದಲ್ಲಿ ‘ಯಾರು ಜಾಸ್ತಿ ಹೊತ್ತು ಕೂರುತ್ತಾರೆ’ ಎಂಬ ವಿಶ್ವ ಸ್ಪರ್ಧೆಯೇ ನಡೆಯುತ್ತಿತ್ತು. 2010ರ ಫೈನಲ್‌ನಲ್ಲಿ 110 ಡಿಗ್ರಿ, ಅರ್ಧ ನಿಮಿಷಕ್ಕೊಮ್ಮೆ ಕಲ್ಲಿಗೆ ನೀರು. ಆರು ನಿಮಿಷದಲ್ಲಿ ಇಬ್ಬರು ಕುಸಿದರು, ಒಬ್ಬರು ಸತ್ತರು. ಸ್ಪರ್ಧೆ ಅಲ್ಲಿಗೇ ನಿಂತಿತು.

ಕುಡಿದು ಒಳಗೆ ಹೋಗಲೇಬಾರದು. ಸೌನಾದಲ್ಲಿ ಆಗುವ ಸಾವುಗಳಲ್ಲಿ ಮದ್ಯದ ಪಾತ್ರ ದೊಡ್ಡದು. ಇತ್ತೀಚೆಗೆ ಹೃದಯಾಘಾತ ಆದವರು, ಕೂತಲ್ಲೇ ಎದೆನೋವು ಬರುವವರು, ಹೃದಯದ ಕವಾಟ ತೀರಾ ಕಿರಿದಾಗಿರುವವರು ದೂರ ಇರಬೇಕು. ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಮೈಗೆ ಅಂಟಿಸುವ ಔಷಧದ ಪಟ್ಟಿ ಇರುವವರು ವಿಶೇಷವಾಗಿ ಎಚ್ಚರ: ಬಿಸಿಗೆ ಔಷಧ ಬೇಗ ಬೇಗ ಒಳಗೆ ಇಳಿದುಬಿಡುತ್ತದೆ. ಮಗು ಬೇಕೆಂದು ಪ್ರಯತ್ನಿಸುತ್ತಿರುವ ಗಂಡಸರು ಸ್ವಲ್ಪ ಕಾಲ ಬಿಡುವುದು ಒಳ್ಳೆಯದು, ಬಿಸಿಗೆ ವೀರ್ಯಾಣು ಕಡಿಮೆಯಾಗುತ್ತದೆ, ಬಿಟ್ಟ ಮೇಲೆ ಮರಳಿ ಹೆಚ್ಚುತ್ತದೆ. ಜ್ವರ ಇದ್ದಾಗ ಬೇಡ. ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

ತಣಿಯುವುದಕ್ಕೆ ಐಸ್ ನೀರೇ ಬೇಕು ಅಂತಿಲ್ಲ. ಹೊರಗೆ ಬಂದು ಗಾಳಿಗೆ ಕೂತರೆ ಸಾಕು. ಬಿಸಿಯಿಂದ ನೇರ ಹಿಮದ ನೀರಿಗೆ ಹಾರಿದರೆ ಬಿಪಿ ಒಮ್ಮೆಗೇ ಮೇಲೇರುತ್ತದೆ, ಹೃದಯ ಗಟ್ಟಿ ಇಲ್ಲದವರಿಗೆ ಅದು ಆಟ ಅಲ್ಲ. ಹೊರಗೆ ಚಳಿ ಇದ್ದರೆ ತಣಿಯುವಾಗ ಮೈಯಿಂದ ಸಣ್ಣಗೆ ಹಬೆ ಏಳುತ್ತಿರುತ್ತದೆ, ನೋಡಲು ಮಜಾ.

ಎಲ್ಲ ಮುಗಿದ ಮೇಲೆ ಹೀಟರ್ ಆರಿಸಿ. ಬೆಂಚಿಗೆ ಹಾಸಿದ ಟವೆಲ್ ತೆಗೆಯಿರಿ. ಅದನ್ನು ಒಣಗಲಿ ಅಂತ ಹೀಟರ್ ಮೇಲೆ ನೇತುಹಾಕಬೇಡಿ, ಹೀಗೆ ಬಟ್ಟೆ ಬಿದ್ದು ಮನೆ ಸೌನಾಗಳಿಗೆ ಬೆಂಕಿ ಹತ್ತುವುದುಂಟು. ಬಾಗಿಲನ್ನು ಒಂದು ಗೇಣು ತೆರೆದಿಡಿ. ಕಲ್ಲಿನಲ್ಲಿ ಉಳಿದ ಕಾವಿಗೇ ಬೆಳಗಾಗುವ ಹೊತ್ತಿಗೆ ಬೆಂಚು ಒಣಗಿರುತ್ತದೆ.