ನಾಲ್ಕು ಕಾರ್ಡ್ ಒಂದರಲ್ಲಿ: ಅಮೆರಿಕದಲ್ಲಿ ಸೋತ ಯೋಚನೆ ಕಲಬುರಗಿಯ ಮೊಬೈಲಿಗೆ ಬಂದ ದಾರಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಂದಿಯ ಕಿಸೆಯಲ್ಲಿ ಮೂರು-ನಾಲ್ಕು ಎಟಿಎಂ ಕಾರ್ಡ್ ಇರುವುದಕ್ಕೆ ಬ್ಯಾಂಕುಗಳ ಚರಿತ್ರೆಯೇ ದೊಡ್ಡ ಕಾರಣ. ಇಲ್ಲಿ ಪಗಾರ, ಪಿಂಚಣಿ ಎಂದರೆ ಬಹುಕಾಲ ಎಸ್‌ಬಿಎಚ್, ಅಂದರೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್. 1941ರಲ್ಲಿ ನಿಜಾಮ ಸರ್ಕಾರ ಸ್ಥಾಪಿಸಿದ ಆ ಬ್ಯಾಂಕ್ 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಕರಗಿತು. ಬೆಳೆಸಾಲಕ್ಕೆ ಇದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾವನ್ನು ಸೇರಿತು. ಬ್ಯಾಂಕುಗಳು ಒಂದಾದವು, ಖಾತೆಗಳು ಆಗಲಿಲ್ಲ. ಮೊದಲೇ ಎಸ್‌ಬಿಐ ಖಾತೆ ಇದ್ದವರ ಹಳೆಯ ಎಸ್‌ಬಿಎಚ್ ಖಾತೆ ಇನ್ನೊಂದು ಎಸ್‌ಬಿಐ ಖಾತೆಯಾಗಿ ಉಳಿಯಿತು. ಅದರ ಮೇಲೆ ಜನಧನ್ ಕಾರ್ಡ್, ಇತ್ತೀಚೆಗೆ ಕ್ರೆಡಿಟ್ ಕಾರ್ಡ್.

ಇವನ್ನೆಲ್ಲ ಒಂದೇ ಕಾರ್ಡಿನಲ್ಲಿ ಸೇರಿಸಬಾರದೇ ಎಂಬ ಪ್ರಶ್ನೆಗೆ ಉತ್ತರ ಕೊಡಲು ಮೊದಲು ಹೊರಟವರಲ್ಲಿ ಅಮೆರಿಕದ ‘ಕಾಯಿನ್’ ಕಂಪನಿ ಹೆಸರಾದದ್ದು. 2013ರ ನವೆಂಬರ್‌ನಲ್ಲಿ ಅದು ಮುಂಗಡ ಹಣ ಪಡೆಯತೊಡಗಿತು. ಸಾಮಾನ್ಯ ಕಾರ್ಡಿನ ಅಳತೆ, ಮೇಲೊಂದು ಚಿಕ್ಕ ಪರದೆ, ಒಂದು ಗುಂಡಿ, ಒಳಗೆ ಚಾರ್ಜ್ ಮಾಡಲಾಗದ ಬ್ಯಾಟರಿ. ಫೋನಿಗೆ ಸಿಕ್ಕಿಸಿದ ಪುಟ್ಟ ರೀಡರ್‌ನಲ್ಲಿ ನಿಮ್ಮ ಕಾರ್ಡುಗಳನ್ನು ಒಂದೊಂದಾಗಿ ಉಜ್ಜಬೇಕು. ಎಂಟು ಕಾರ್ಡುಗಳ ಮಾಹಿತಿ ಕಾಯಿನ್‌ಗೆ ಹೋಗುತ್ತದೆ. ಅಂಗಡಿಯಲ್ಲಿ ಗುಂಡಿ ಒತ್ತಿ ಬೇಕಾದ ಕಾರ್ಡನ್ನು ಆರಿಸಿ, ಕಾಯಿನ್ ಅನ್ನೇ ಉಜ್ಜಿದರೆ ಆಯಿತು.

ಇದು ಸಾಧ್ಯವಾದದ್ದು ಕಾರ್ಡಿನ ಹಿಂದಿನ ಕಪ್ಪು ಕಾಂತಪಟ್ಟಿಯ ದೌರ್ಬಲ್ಯದಿಂದ. ಪಟ್ಟಿಯಲ್ಲಿ ಕಾರ್ಡ್ ಸಂಖ್ಯೆ, ಅವಧಿ ಮತ್ತಿತರ ಮಾಹಿತಿ ಎಂದೂ ಬದಲಾಗದ ರೂಪದಲ್ಲಿ ಕೂತಿರುತ್ತದೆ. ಓದಿದರೆ ನಕಲು ಮಾಡಬಹುದು. ಕಳ್ಳರು ಎಟಿಎಂ ಬಾಯಿಗೆ ಸ್ಕಿಮ್ಮರ್ ಎಂಬ ಪಟ್ಟಿ ಓದುವ ಸಾಧನ ಕೂಡಿಸಿ ಮಾಡುವುದೂ ಇದನ್ನೇ. ಕಾಯಿನ್ ಅದೇ ಕೆಲಸವನ್ನು ಮಾಲೀಕನ ಒಪ್ಪಿಗೆಯಿಂದ ಮಾಡಿತು. ಚಿಪ್ ಹಾಗಲ್ಲ. ಅದರೊಳಗಿನ ಗುಪ್ತ ಕೀಲಿ ಹೊರಗೆ ಬರುವುದೇ ಇಲ್ಲ, ಪ್ರತಿ ವ್ಯವಹಾರಕ್ಕೂ ಚಿಪ್ ಒಂದು ಹೊಸ ಸಂಕೇತ ಕಟ್ಟಿ ಕಳಿಸುತ್ತದೆ, ಬ್ಯಾಂಕ್ ಅದನ್ನು ತಾಳೆ ನೋಡುತ್ತದೆ. ಕೀಲಿ ಕೊಡಬೇಕಾದವರು ಬ್ಯಾಂಕಿನವರು. ಹೊರಗಿನ ಕಂಪನಿಗೆ ಅವರು ಏಕೆ ಕೊಟ್ಟಾರು?

2015ರ ಅಕ್ಟೋಬರ್‌ನಲ್ಲಿ ಅಮೆರಿಕದ ನಿಯಮ ಬದಲಾಯಿತು. ಚಿಪ್ ಕಾರ್ಡನ್ನು ಚಿಪ್ ಇಲ್ಲದ ಯಂತ್ರದಲ್ಲಿ ಉಜ್ಜಿ ಮೋಸವಾದರೆ ನಷ್ಟ ಸಾಮಾನ್ಯವಾಗಿ ಅಂಗಡಿಯ ಕಡೆಗೆ. ಅಲ್ಲಿಗೆ ಉಜ್ಜುವ ಕಾರ್ಡಿನ ಕಾಲ ಮುಗಿಯತೊಡಗಿತು. ಕಾಯಿನ್ 2016ರಲ್ಲಿ ಕೈಗೆ ಕಟ್ಟುವ ಫಿಟ್‌ನೆಸ್ ಪಟ್ಟಿ ಮಾಡುವ ಫಿಟ್‌ಬಿಟ್ ಕಂಪನಿಯ ಪಾಲಾಗಿ, 2017ರ ಫೆಬ್ರುವರಿ ಕೊನೆಗೆ ಸೇವೆ ನಿಲ್ಲಿಸಿತು. 155 ಡಾಲರ್ ಮುಂಗಡ ಪಡೆದಿದ್ದ ‘ಪ್ಲಾಸ್ಟಿಕ್’ ಎಂಬ ಇನ್ನೊಂದು ಕಂಪನಿ ಕಾರ್ಡನ್ನು ಗಿರಾಕಿಗಳ ಕೈಗೆ ಮುಟ್ಟಿಸದೆಯೇ 2017ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು.

ಬ್ರಿಟನ್ನಿನ ‘ಕರ್ವ್’ ಬೇರೆ ದಾರಿ ಹಿಡಿಯಿತು. ಅದು ನಕಲು ಮಾಡಲಿಲ್ಲ, ತನ್ನದೇ ಚಿಪ್ ಇರುವ ಮಾಸ್ಟರ್‌ಕಾರ್ಡ್ ಕೊಟ್ಟಿತು. ಅಂಗಡಿಗೆ ಹಣ ಕಟ್ಟುವುದು ಕರ್ವ್; ಆ ಹಣವನ್ನು ನೀವು ಆರಿಸಿದ ಕಾರ್ಡಿನಿಂದ ಅದು ಹಿಂದಿನಿಂದ ಎಳೆದುಕೊಳ್ಳುತ್ತದೆ. ಒಂದು ಖರೀದಿ, ಎರಡು ವ್ಯವಹಾರ. ವಸ್ತು ವಾಪಸ್ ಕೊಟ್ಟರೂ ತಕರಾರು ಎದ್ದರೂ ಮಾತು ಮೊದಲು ಕರ್ವ್ ಜೊತೆ, ನಿಮ್ಮ ಬ್ಯಾಂಕ್ ಜೊತೆ ಅಲ್ಲ.

ನಮ್ಮಲ್ಲಿ ಇವೆರಡಕ್ಕೂ ದಾರಿ ಕಿರಿದು. ಕಾರ್ಡಿನ ಆನ್‌ಲೈನ್ ಪಾವತಿಗೆ ಪಾಸ್‌ವರ್ಡ್, ಒಟಿಪಿಯಂಥ ಹೆಚ್ಚುವರಿ ದೃಢೀಕರಣ 2009ರಿಂದಲೇ ಕಡ್ಡಾಯ. ಕಾಂತಪಟ್ಟಿ ಮಾತ್ರ ಇದ್ದ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಚಿಪ್ ಕಾರ್ಡಿಗೆ ಬದಲಿಸಲು ರಿಸರ್ವ್ ಬ್ಯಾಂಕ್ ಹೇಳಿತ್ತು. ಹಿಂದಿನಿಂದ ಒಟಿಪಿ ಇಲ್ಲದೆ ಹಣ ಎಳೆಯುವ ಪದ್ಧತಿ ಇಲ್ಲಿ ಹೊಂದುವುದಿಲ್ಲ. ಈ ಬಿಗಿ ಒಳ್ಳೆಯದೇ ಎಂಬುದು ನಮ್ಮ ಅಭಿಪ್ರಾಯ. ಬ್ಯಾಂಕ್ ತಾನೇ ಮುಂದಾದ ಒಂದು ಉದಾಹರಣೆ ಇದೆ: 2018ರಲ್ಲಿ ಇಂಡಸ್‌ಇಂಡ್ ಬ್ಯಾಂಕ್ ಎರಡು ಚಿಪ್ ಇರುವ ‘ಡ್ಯುಯೊ’ ಕಾರ್ಡ್ ತಂದಿತು. ಒಂದು ತುದಿ ಡೆಬಿಟ್, ಇನ್ನೊಂದು ತುದಿ ಕ್ರೆಡಿಟ್. ಇಂಥ ಕಾರ್ಡಿನಲ್ಲಿ ತುದಿ ತಪ್ಪಿದರೆ ಬೀಳುವ ಪೆಟ್ಟು ಎಟಿಎಂನಲ್ಲಿ. ಕ್ರೆಡಿಟ್ ಕಡೆಯಿಂದ ನಗದು ತೆಗೆದರೆ ಖರೀದಿಗೆ ಸಿಗುವ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಅಂದಿನಿಂದಲೇ ಬಡ್ಡಿ, ಅದರ ಮೇಲೆ ನಗದು ಶುಲ್ಕ. ಅದೂ ಅಲ್ಲದೆ, ಎರಡೂ ಖಾತೆ ಒಂದೇ ಬ್ಯಾಂಕಿನವು.

ಬೇರೆ ಬೇರೆ ಬ್ಯಾಂಕುಗಳನ್ನು ನಿಜವಾಗಿ ಒಂದು ಕಡೆ ಕೂಡಿಸಿದ್ದು 2016ರ ಏಪ್ರಿಲ್‌ನಲ್ಲಿ ಬಂದ ಯುಪಿಐ. 2022ರ ಸೆಪ್ಟೆಂಬರ್‌ನಿಂದ ರುಪೇ ಕ್ರೆಡಿಟ್ ಕಾರ್ಡೂ ಅದರೊಳಗೆ ಬಂತು. ವೀಸಾ, ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡುಗಳನ್ನು ಹೀಗೆ ಕ್ಯೂಆರ್ ಪಾವತಿಗೆ ಜೋಡಿಸಲಾಗದು. ಹೊಸ ಕಾರ್ಡ್ ಪಡೆಯುವವರು ಇದನ್ನು ನೆನಪಿಡಬೇಕು. ಯಾವ ಜಾಲದ (ರುಪೇ, ವೀಸಾ, ಮಾಸ್ಟರ್‌ಕಾರ್ಡ್) ಕಾರ್ಡ್ ಎಂದು ಆರಿಸುವ ಅವಕಾಶವನ್ನು ದೊಡ್ಡ ಬ್ಯಾಂಕುಗಳು ಗಿರಾಕಿಗೆ ಕೊಡಬೇಕೆಂಬ ನಿಯಮ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ.

ಜೋಡಿಸುವುದು ಹೀಗೆ. ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಅದರಿಂದ ಎಸ್‌ಎಂಎಸ್ ಹೋಗುವಷ್ಟು ರಿಚಾರ್ಜ್ ಇರಬೇಕು. ಆ್ಯಪ್‌ನಲ್ಲಿ ಬ್ಯಾಂಕ್ ಖಾತೆ ಅಥವಾ ರುಪೇ ಕ್ರೆಡಿಟ್ ಕಾರ್ಡ್ ಸೇರಿಸುವ ಆಯ್ಕೆ ಒತ್ತಿ, ಬ್ಯಾಂಕಿನ ಹೆಸರು ಆರಿಸಬೇಕು. ಕಾರ್ಡಿನ (ಖಾತೆಯಾದರೆ ಅದರ ಡೆಬಿಟ್ ಕಾರ್ಡಿನ) ಕೊನೆಯ ಆರು ಅಂಕಿ, ಅವಧಿಯ ತಿಂಗಳು-ವರ್ಷ, ಬಂದ ಒಟಿಪಿ ಹಾಕಿ, ನಾಲ್ಕು ಅಥವಾ ಆರು ಅಂಕಿಯ ಯುಪಿಐ ಪಿನ್ ಇಟ್ಟುಕೊಳ್ಳಬೇಕು. ಹಳೆಯ ಸಿಂಡಿಕೇಟ್ ಖಾತೆಯನ್ನು ಹುಡುಕಬೇಕಾದದ್ದು ಕೆನರಾ ಹೆಸರಿನಲ್ಲಿ, ಎಸ್‌ಬಿಎಚ್ ಖಾತೆಯನ್ನು ಎಸ್‌ಬಿಐ ಹೆಸರಿನಲ್ಲಿ. ಖಾತೆ ಸಿಗಲಿಲ್ಲವೆಂದರೆ ಹೆಚ್ಚಿನ ಸಲ ಕಾರಣ ಎರಡರಲ್ಲಿ ಒಂದು: ಎರಡು ಸಿಮ್ ಫೋನಿನಲ್ಲಿ ತಪ್ಪು ಸಿಮ್ ಆರಿಸಿರುವುದು, ಇಲ್ಲವೇ ಪಾಸ್‌ಬುಕ್ ಮಾಡಿಸಿದಾಗ ಕೊಟ್ಟ ಹಳೆಯ ನಂಬರೇ ಬ್ಯಾಂಕಿನಲ್ಲಿ ಉಳಿದಿರುವುದು. ಎರಡನೆಯದಕ್ಕೆ ಆ್ಯಪ್‌ನಲ್ಲಿ ಮದ್ದಿಲ್ಲ, ಶಾಖೆಗೆ ಹೋಗಿ ಅರ್ಜಿ ಕೊಡಬೇಕು.

ಪಿನ್ ಆ್ಯಪ್‌ಗೆ ಸೇರಿದ್ದಲ್ಲ, ಖಾತೆಗೆ ಸೇರಿದ್ದು. ಫೋನ್‌ಪೇನಲ್ಲಿ ಬದಲಿಸಿದರೆ ಅದೇ ಖಾತೆಗೆ ಗೂಗಲ್ ಪೇನಲ್ಲೂ ಹೊಸ ಪಿನ್ನೇ ನಡೆಯುತ್ತದೆ. ಸೂಪರ್ ಮಾರ್ಕೆಟ್‌ನ ಗದ್ದಲದಲ್ಲಿ ಪರದೆಯ ಮೇಲೆ ಗ್ರಾಮೀಣ ಬ್ಯಾಂಕ್ ತೋರಿಸುತ್ತಿರುವಾಗ ಎಸ್‌ಬಿಐ ಪಿನ್ ಒತ್ತುವುದು ಸಾಮಾನ್ಯ. ಹೀಗೆ ಮೇಲಿಂದ ಮೇಲೆ ತಪ್ಪಿದರೆ ಆ ಖಾತೆಯ ಯುಪಿಐ ಸ್ವಲ್ಪ ಹೊತ್ತು ಬಂದ್. ಪಿನ್ ಒತ್ತುವ ಮೊದಲು ಮೊತ್ತದ ಜೊತೆ ಬ್ಯಾಂಕಿನ ಹೆಸರು, ಖಾತೆಯ ಕೊನೆಯ ಅಂಕಿಗಳನ್ನೂ ನೋಡಿ.

ಯುಪಿಐಗೆ ಜೋಡಿಸಿದ ಕ್ರೆಡಿಟ್ ಕಾರ್ಡ್ ನಡೆಯುವುದು ವ್ಯಾಪಾರಿ ಎಂದು ನೋಂದಾಯಿಸಿದವರ ಕ್ಯೂಆರ್‌ಗೆ ಮಾತ್ರ. ಬಂಡಿಯ ಮೇಲೆ ತರಕಾರಿ ಮಾರುವ ಅವ್ವ ಮಗನ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿಕೊಂಡಿದ್ದರೆ ಅದು ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಹಣ. ಕಾರ್ಡ್ ತಿರಸ್ಕಾರವಾಗುವುದು ಅದಕ್ಕೇ, ಕಾರ್ಡ್ ಕೆಟ್ಟಿದೆ ಎಂದಲ್ಲ. ಕಲಬುರಗಿಯ ನೆಹರು ಗಂಜಿನ ಅಡತ ಅಂಗಡಿಯವರು ದೊಡ್ಡ ಮೊತ್ತಕ್ಕೆ ಕ್ರೆಡಿಟ್ ಬೇಡ ಎಂದರೆ ಅದಕ್ಕೂ ಕಾರಣವಿದೆ. ಖಾತೆಯಿಂದ ಬರುವ ಯುಪಿಐ ಹಣಕ್ಕೆ ವ್ಯಾಪಾರಿಗೆ ಶುಲ್ಕವಿಲ್ಲ. ರುಪೇ ಕ್ರೆಡಿಟ್ ಆದರೆ ಸಣ್ಣ ವ್ಯಾಪಾರಿಗೂ 2000 ರೂಪಾಯಿವರೆಗೆ ಮಾತ್ರ ಆ ವಿನಾಯಿತಿ.

ಬಹಳ ಮಂದಿಗೆ ಗೊತ್ತಿಲ್ಲದ, ಗೊತ್ತಿರಲೇಬೇಕಾದ ಸಂಗತಿ ಇನ್ನೊಂದು. ಡೆಬಿಟ್ ಕಾರ್ಡಿನ ಅಂಕಿ ಬೇಕಾಗುವುದು ಯುಪಿಐ ಪಿನ್ ಇಡುವಾಗ ಮಾತ್ರ. ಆಮೇಲೆ ಹಣ ಹೋಗುವುದು ನೇರವಾಗಿ ಖಾತೆಯಿಂದ. ಆದ್ದರಿಂದ ಕಾರ್ಡ್ ಬ್ಲಾಕ್ ಮಾಡಿಸಿದರೆ ಯುಪಿಐ ನಿಲ್ಲುವುದಿಲ್ಲ. ಫೋನ್ ಕಳೆದರೆ ಮೊದಲು ಸಿಮ್ ಬಂದ್ ಮಾಡಿಸಿ. ಒಟಿಪಿ ಬರುವುದು ಆ ಸಿಮ್‌ಗೇ. ಆಮೇಲೆ ಪ್ರತಿ ಬ್ಯಾಂಕಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ ಯುಪಿಐ, ಕಾರ್ಡ್ ಎರಡನ್ನೂ ನಿಲ್ಲಿಸಲು ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರಿಂದ ಮೋಸವಾಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊಣೆ ಬೀಳುವುದಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತು.

ಹೊಸ ಸಿಮ್ ಸಿಕ್ಕ ಕೂಡಲೇ ಎಲ್ಲ ಸರಿಹೋಗದು. ಸುರಕ್ಷತೆಗಾಗಿ ಮೊದಲ 24 ಗಂಟೆ ಆ ಸಿಮ್‌ನಲ್ಲಿ ಎಸ್‌ಎಂಎಸ್ ನಡೆಯುವುದಿಲ್ಲ. ಹೊಸದಾಗಿ ಯುಪಿಐ ನೋಂದಾಯಿಸಿದ ಮೊದಲ ದಿನವೂ ಕಡಿಮೆ ಮೊತ್ತವಷ್ಟೇ ಕಳಿಸಬಹುದು. ಆ ಎರಡು ದಿನಕ್ಕೆಂದು ಒಂದು ಪ್ಲಾಸ್ಟಿಕ್ ಕಾರ್ಡನ್ನು ಫೋನಿನ ಕವರಿನಲ್ಲಿ ಅಲ್ಲ, ಮನೆಯಲ್ಲಿ ಇಡಿ. ಅದು ಜನಧನ್ ಖಾತೆಯ ರುಪೇ ಕಾರ್ಡ್ ಆಗಿದ್ದರೆ ಟ್ರಂಕಿನಲ್ಲಿ ಹಾಗೇ ಮರೆತುಬಿಡಬೇಡಿ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳ ಕಾರ್ಡಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು ಎಂಬುದು ಅದರ ಷರತ್ತು. ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದರೂ ಅದು ಲೆಕ್ಕಕ್ಕೆ ಬರುತ್ತದೆ.